ಅಮ್ಮ ಹೂ ಕೊಡದ ದಿನ

ನನ್ನ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಹೊಸೂರಿನ ಡಾಕ್ಟರು ಅದನ್ನು ಒತ್ತಿ ನೋಡಿ, ಪರೀಕ್ಷೆಗಳನ್ನೆಲ್ಲ ಮಾಡಿಸಿ, ಕೊನೆಗೆ ಹೇಳಿದರು: ತೆಗೆಸಿದರೆ ದನಿ ಹೋದರೂ ಹೋಗಬಹುದು, ಬಿಟ್ಟರೆ ಮುಂದೇನಾಗುತ್ತದೋ ಹೇಳಲಾಗದು. "ನೀಂಗದಾ ಸಾರ್ ಮುಡಿವು ಪಣ್ಣಣುಂ," ಎಂದು ತಮಿಳಿನಲ್ಲಿ ತೀರ್ಮಾನವನ್ನು ನನ್ನ ಮಡಿಲಿಗೆ ಹಾಕಿ, ಮುಂದಿನ ರೋಗಿಯನ್ನು ಕರೆದರು.

ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟವನು ನಾನು. ಮನುಷ್ಯ ತನ್ನ ಬಾಳನ್ನು ತಾನೇ ಆಳಿಕೊಳ್ಳಬೇಕೆಂದು ಎಷ್ಟೋ ಜೊತೆ ನಿದ್ದೆಗಣ್ಣುಗಳಿಗೆ ಸಾರಿದ್ದೇನೆ. ಆ ರಾಜ್ಯಭಾರ ಕೈಗೆ ಬಂದ ಮೇಲೆ ಮಾತ್ರ ಅನ್ನ ಇಳಿಯಲಿಲ್ಲ. ನುಂಗಿದಾಗಲೆಲ್ಲ ಗಂಟು ಬೆಳೆದಂತೆ ಅನ್ನಿಸುತ್ತಿತ್ತು. ಹಾಗಾಗಿ ಮತ್ತಿಗಿರಿಯ ಅಕ್ಕ "ಅಮ್ಮನ್ನ ಹೂ ಕೇಳಾನ ಬಾರ್ಲಾ" ಎಂದಾಗ ಸಿಂಹಾಸನ ಬಿಟ್ಟು ಅವಳೂರಿನ ದೇವಿಯ ಗುಡಿಗೆ ಓಡಿದೆ.

ಹೂ ಕೇಳುವುದೆಂದರೆ, ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕೈಮುಗಿದು ಕಾಯುವುದು. ಬಲಗಡೆಯದು ಬಿದ್ದರೆ ಮಾಡು, ಎಡಗಡೆಯದಾದರೆ ಬೇಡ. ಪೂಜಾರಿ ಅಂಟಿಸಿದ್ದೇ ತಡ, ಬಲಗಡೆಯದು ಬಿತ್ತು. ಅಕ್ಕ ಕೆನ್ನೆ ಬಡಿದುಕೊಂಡಳು. ಅದರ ಬೆನ್ನಿಗೇ ಎಡಗಡೆಯದೂ ಹಾರಿಬಂದು ನನ್ನ ಕಾಲ ಬಳಿ ಕೂತಿತು.

"ಸ್ವಾಮೇರೇ, ಫ್ಯಾನ್ ಹಾಕ್ಬುಟ್ಟಿದೀರಲ್ಲ!"

"ಸೆಕೆ ಕಣಮ್ಮ. ಅಮ್ಮನಿಗೂ ಬೆವರ್ತದೆ," ಎಂದರು ಪೂಜಾರಿ.

ಫ್ಯಾನ್ ಆರಿಸಿ ಮತ್ತೆ ಅಂಟಿಸಿದರು. ಈ ಸಲ ಎರಡೂ ಅಲುಗಲಿಲ್ಲ. ಬಾಗಿಲು ಹಾಕುವ ಹೊತ್ತಾಯಿತೆಂದು ಪೂಜಾರಿ ಬೀಗದ ಕೈ ಕುಲುಕತೊಡಗಿದರು.

"ಅಮ್ಮ ಸುಮ್ಕವ್ಳೆ. ಇನ್ನ ನಿನ್ನಿಷ್ಟ ಕಣ್ಲಾ," ಎಂದಳು ಅಕ್ಕ.

ಅಷ್ಟು ಭಯಂಕರವಾದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹೂ ಬಿದ್ದು, ನಾಳೆ ದನಿ ಹೋಗಿದ್ದರೆ ದೇವಿಯನ್ನು ಬೈಯಬಹುದಿತ್ತು, ಮನಸ್ಸಿನಲ್ಲೇ ಆದರೂ. ಈಗ ಬೈಸಿಕೊಳ್ಳಲು ನಾನೊಬ್ಬನೇ. "ನೀನೇ ಹೇಳಕ್ಕ" ಎನ್ನಲು ಬಾಯಿ ತೆರೆದೆ. ಕೇಳಿದ್ದರೆ ಅವಳು ಖಂಡಿತ ಹೇಳುತ್ತಿದ್ದಳು. ಆಮೇಲೆ ಬದುಕಿದಷ್ಟು ದಿನ ನನ್ನ ಕತ್ತು ನೋಡಲು ಹೆದರುತ್ತಿದ್ದಳು. ನನ್ನ ಭಯ ನನ್ನಲ್ಲೇ ಇರಲಿ ಅನ್ನಿಸಿತು.

"ತೆಗೆಸ್ತೀನಕ್ಕ."

"ಯೋಚ್ನೆ ಮಾಡಿ ಹೇಳ್ತಿದೀಯಾ, ಇಲ್ಲ ಗುಡಿ ಬಾಗ್ಲು ಹಾಕ್ತಾರೆ ಅಂತಾನಾ?"

"ಯೋಚ್ನೆ ಮಾಡೇ. ಭಯ ಆಗ್ತದೆ."

"ನಂಗೂ ಆಯ್ತದೆ. ಮನ್ಸು ತಿರುಗೋಕೆ ಮುಂಚೆ ಫೋನ್ ಮಾಡು ಕಣ್ಲಾ."

ಮೆಟ್ಟಿಲ ಮೇಲೆ ಕೂತೇ ಡಾಕ್ಟರಿಗೆ ಫೋನ್ ಮಾಡಿದೆ. ಆ ಕಡೆಯಿಂದ "ಯಾರ್ ಸಾರ್ ಪೇಸ್ರದು?" ಎಂದು ಮಾತಾಡುತ್ತಿರುವುದು ಯಾರೆಂದು ಕೇಳಿದರು. ಅಕ್ಕ ಕಿವಿಯನ್ನು ಫೋನಿನ ಹತ್ತಿರ ತಂದಳೇ ಹೊರತು ನನ್ನ ಪರವಾಗಿ ಮಾತಾಡಲಿಲ್ಲ. ಕೆಮ್ಮಿ, ಹೆಸರು ಹೇಳಿ, ಗಂಟು ತೆಗೆಸಿಕೊಳ್ಳುತ್ತೇನೆ ಎಂದೆ.