ಕಲ್ಲು ಅನ್ನದ ಮನೆ

ನಮ್ಮ ಮಾವನ ಹೆಸರಿನಲ್ಲಿ ಕಲ್ಲು ಇತ್ತು. ಪೂರ್ತಿ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸೊಸೆ ಮಾವನ ಹೆಸರು ಹೇಳಬಾರದು ಎಂಬುದನ್ನು ನಂಬುವವಳಲ್ಲ ನಾನು. ಆದರೂ ಕೈ ಬರುವುದಿಲ್ಲ, ಬಿಡಿ. ನಾನು ನುಂಗಿಕೊಂಡದ್ದು ಹೆಸರೊಂದನ್ನೇ. ನಮ್ಮತ್ತೆ ಮದುವೆಯಾದಾಗಿನಿಂದ ಕಲ್ಲು ಎಂಬ ಪದವನ್ನೇ ಬಾಯಿಂದ ಹೊರಗಿಟ್ಟಿದ್ದರು. ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ, ಹೆಸರಿನ ತುಂಡು ಹೇಳಿದರೂ ಅಷ್ಟೇ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಕಂಪ್ಲಿಯಿಂದ ಹೊಸಪೇಟೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನನಗೆ ಇದು ಗೊತ್ತಿರಲಿಲ್ಲ. ನನ್ನ ತವರು ಅಕ್ಕಿ ಗಿರಣಿಯ ಮನೆ. ಅಕ್ಕಿಯಲ್ಲಿ ಕಲ್ಲಿದೆ, ಕಲ್ಲಿಲ್ಲ ಎಂಬ ಜಗಳ ಕೇಳುತ್ತಲೇ ಬೆಳೆದವಳು. ಇಲ್ಲಿ ನೋಡಿದರೆ ಅತ್ತೆ ಒಳಕಲ್ಲಿಗೆ ರೋಲು ಅನ್ನುತ್ತಿದ್ದರು, ಬೀಸುವ ಕಲ್ಲಿಗೆ ತಿರಗಲಿ. ಕಲ್ಲಂಗಡಿ ಅವರ ಬಾಯಲ್ಲಿ ಪುಚ್ಚಕಾಯಿ, ಕಲ್ಲುಸಕ್ಕರೆ ಮಿಶ್ರಿ. ಅಕ್ಕಿಯಲ್ಲಿ ಸಿಕ್ಕುವುದು ರಾಯಿ. ತೋರಣಗಲ್ಲಿಗೆ ಮಾತ್ರ ಯಾವ ಭಾಷೆಯಲ್ಲೂ ಬದಲಿ ಸಿಗದೆ, ಫ್ಯಾಕ್ಟ್ರಿ ಊರು ಎಂದು ಕರೆದು ಕೈ ತೊಳೆದುಕೊಂಡಿದ್ದರು. ಅವರ ತವರು ಆಂಧ್ರದ ಕಡೆಯದಿರಬೇಕು ಎಂದುಕೊಂಡೆ. ಕೇಳಿದರೆ, ಇಲ್ಲೇ ಸಂಡೂರು ಕಡೆಯ ಬಂಡ್ರಿಯಂತೆ! ತೆಲುಗೆಲ್ಲ ಸಂತೆಗೆ ಬರುತ್ತಿದ್ದವರಿಂದ ಕಲಿತದ್ದು, ಉರ್ದು ಪಕ್ಕದ ಮನೆಯವರಿಂದ. ತಮಗೆ ಬೇಕಾದ ಪದ ಎಲ್ಲಿ ಸಿಕ್ಕರೂ ಎತ್ತಿಕೊಂಡು ಬರುತ್ತಿದ್ದರು. ಹಂಪಿಗೆ ಹೋದಾಗ ಮಾತ್ರ, ಕಣ್ಣು ಹಾಯಿಸಿದಲ್ಲೆಲ್ಲ ಅದೇ ಇರುವುದರಿಂದ, ಸುಮ್ಮನೆ ಕೈಮುಗಿದುಕೊಂಡು ನಡೆಯುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಪಂಪೆ ಹೇಗೆ ಹಂಪೆಯಾಯಿತು, ಪಾಲು ಹೇಗೆ ಹಾಲಾಯಿತು, ತೆಲುಗಿನವರು ಇನ್ನೂ ಪಾಲು ಅನ್ನುವುದೇಕೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ವ್ಯಾಪಾರದಿಂದ, ದಂಡಿನಿಂದ, ರಾಜರಿಂದ ಬೇರೆ ಭಾಷೆಯ ಪದಗಳು ಬರುತ್ತವೆ ಎಂದು ಹೇಳಿಕೊಡುತ್ತಿದ್ದೆ. ಗಂಡನ ಹೆದರಿಕೆಯಿಂದ, ಅಲ್ಲ, ಗಂಡನ ಜೀವದ ಹೆದರಿಕೆಯಿಂದ ಬರುತ್ತವೆ ಎಂದು ಯಾವ ಪಠ್ಯದಲ್ಲೂ ಇರಲಿಲ್ಲ. ನನಗೆ ಒಂದು ಕುತೂಹಲ ಮಾತ್ರ ಉಳಿದಿತ್ತು. ಎಲ್ಲದಕ್ಕೂ ಬದಲಿ ಪದ ಹುಡುಕಿದ ಈಕೆ ಗಂಡನಿಗೆ ಏನನ್ನುತ್ತಾರೆ? ನಮ್ಮೆದುರು ಬರೀ "ಅವ್ರು". ಒಮ್ಮೆ ಕೆಣಕಿದೆ. "ನಿಂಗ್ಯಾಕ ಬೇಕು ಅದು? ಹೋಗು, ಹಾಲು ಉಕ್ಕತೈತಿ" ಎಂದು ಅಟ್ಟಿದರು. ಹಾಲು ಒಲೆಯ ಮೇಲೆ ಇರಲೇ ಇಲ್ಲ.

ಮಾವನದು ಹಗ್ಗ, ಬಾರುಕೋಲು, ಎತ್ತಿನ ಗೆಜ್ಜೆ ಮಾರುವ ಸಣ್ಣ ಅಂಗಡಿ. ಸಂಡೂರು ಸಂತೆಗೂ ಮೂಟೆ ಹೊತ್ತು ಹೋಗುತ್ತಿದ್ದರು. ಗಣಿಯ ಭರಾಟೆ ಬಂದಾಗ ಜನ ಎತ್ತು ಮಾರಿ ಲಾರಿ ಕೊಂಡರು. ಲಾರಿಗೆ ಗೆಜ್ಜೆ ಯಾರು ಕಟ್ಟುತ್ತಾರೆ? ಅಂಗಡಿ ಮುಚ್ಚಿತು. ಅದಾದ ಮೇಲೆ ಅವರ ಬಾಯಿಂದ ಪದಗಳು ಒಂದೊಂದಾಗಿ ಜಾರತೊಡಗಿದವು. ಮೊದಮೊದಲು ಚೊಂಬಿಗೆ "ಅದು" ಅನ್ನುತ್ತಿದ್ದರು, ನಾವು ನಗುತ್ತಿದ್ದೆವು. ಒಂದು ಬೆಳಿಗ್ಗೆ ಚಹಾ ಕೊಡಲು ಹೋದ ನನ್ನನ್ನೇ ನೋಡಿ, "ನೀ ಯಾರ ಮಗಳವ್ವಾ?" ಎಂದು ಭಾಳ ಮರ್ಯಾದೆಯಿಂದ ಕೇಳಿದರು. ಅವತ್ತಿನಿಂದ ನಗು ನಿಂತಿತು. ವಯಸ್ಸು, ಏನೂ ಮಾಡಲಾಗದು, ಒಬ್ಬರನ್ನೇ ಹೊರಗೆ ಬಿಡಬೇಡಿ ಎಂದರು ಡಾಕ್ಟರು.

ಆಗಿನ ರಸ್ತೆ ಈಗಲೂ ನನ್ನ ಕಣ್ಣ ಮುಂದಿದೆ. ಅದಿರು ತುಂಬಿದ ಲಾರಿಗಳು ಒಂದರ ಬಾಲಕ್ಕೆ ಒಂದು. ಕೆಂಪು ಧೂಳಿನಲ್ಲಿ ಎದುರಿಗಿದ್ದವರ ಮುಖ ಕಾಣದು. ಯಾರಿಗೋ ಲಾರಿ ಬಡಿಯಿತಂತೆ ಎಂಬ ಸುದ್ದಿ ತರಕಾರಿಯವಳ ಜೊತೆ ಮನೆಗೆ ಬರುತ್ತಿತ್ತು. ಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ಎಂದು ಕ್ಲಾಸಿನ ನಡುವೆ ನೆನಪಾಗಿ, ಹೇಳುತ್ತಿದ್ದ ವಾಕ್ಯ ಅರ್ಧಕ್ಕೆ ನಿಲ್ಲುತ್ತಿತ್ತು.

ಆ ದಿನ ಶಾಲೆ ಬಿಟ್ಟು ಬಂದಾಗ ಅತ್ತೆ ಬೀದಿಯಲ್ಲೇ ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅವ್ರು ಇಲ್ಲ ಯವ್ವಾ. ನಾ ಹಿತ್ತಲದಾಗ ಬಟ್ಟಿ ಒಣಾ ಹಾಕಾಕತ್ತಿದ್ದೆ. ಬಂದು ನೋಡಿದ್ರ ಬಾಗ್ಲು ತೆರದೈತಿ."

ನನ್ನ ಗಂಡ ಸಂಡೂರಿನ ಕಡೆ, ಲಾರಿಗಳ ತೂಕ ಮಾಡುವ ಕಾಟಾದಲ್ಲಿ ಕೆಲಸಕ್ಕಿದ್ದರು. ಅವರ ಮೊಬೈಲಿಗೆ ಸಿಗ್ನಲ್ ಸಿಗುವುದೇ ಅಪರೂಪ. ಓಣಿ ಓಣಿ ಹುಡುಕಿದೆವು. ಹಳೆಯ ಅಂಗಡಿಯ ಜಾಗದಲ್ಲಿ ಈಗ ಟೈರು ಮಾರುತ್ತಿದ್ದರು. ಇಲ್ಲಿಗೆ ಬಂದಿಲ್ಲ ಎಂದರು. ಕಾಲುವೆಯ ಕಡೆ ಕೂಡ ಹೋಗಿ ಬಗ್ಗಿ ನೋಡಿದೆ. ಯಾಕೆ ನೋಡುತ್ತಿದ್ದೇನೆಂದು ಅತ್ತೆಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿಗೆ ಓಡಿದೆವು.

ಮೈಕಿನ ಮುಂದೆ ಕೂತಿದ್ದ ಕಂಟ್ರೋಲರ್ ಪೆನ್ನು ತೆಗೆದು, "ಹೆಸರು ಹೇಳ್ರಿ ಅಮ್ಮಾ" ಎಂದರು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ನೆಲ ನೋಡಿದೆ. ಅಷ್ಟು ವರ್ಷ ಪದಗಳ ಪಾಠ ಮಾಡಿದ ನನ್ನ ನಾಲಿಗೆ ಒಂದು ಹೆಸರಿಗೆ ಏಳಲೊಲ್ಲದು.

"ಲಗೂನ ಹೇಳ್ರಿ. ಹೆಸರಿಲ್ದ ಮನುಷ್ಯಾನ್ನ ನಾ ಹೆಂಗ ಕರೀಲಿ?"

"ನೀ ಹೇಳವ್ವಾ. ನನ್ ಕೈಲಿ ಆಗಂಗಿಲ್ಲ" ಎಂದು ಅತ್ತೆ ಗೋಡೆಯ ಕಡೆ ತಿರುಗಿದರು. ನಾನು ಹೇಳಿದೆ. ಮೈಕಿನಲ್ಲಿ ಆ ಹೆಸರು ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಮತ್ತೆ ಮತ್ತೆ ಮೊಳಗಿತು. ಪ್ರತಿ ಸಲವೂ ಅತ್ತೆಯ ಭುಜ ಕುಗ್ಗುತ್ತಿತ್ತು, ಯಾರೋ ಹೊಡೆದ ಹಾಗೆ. ಯಾರೂ ಎದ್ದು ಬರಲಿಲ್ಲ. ಇನ್ನೇನು ಕೆಟ್ಟದ್ದು ಆಗಿಯೇ ಹೋಯಿತು, ಆ ಹೆಸರು ಹೇಳಿದವಳು ನಾನೇ ಎಂದು, ನಂಬದ ನನಗೂ ಅನ್ನಿಸಿತು.

ಒಬ್ಬ ಚಹಾದವನು, ಬಿಳಿ ಧೋತರದ ಅಜ್ಜನೊಬ್ಬ ಮಧ್ಯಾಹ್ನ ಸಂಡೂರು ಬಸ್ಸು ಹತ್ತಿದ ಹಾಗಿತ್ತು ಎಂದ. ಕಂಟ್ರೋಲರ್ ಪುಣ್ಯಾತ್ಮ, ಸಂಡೂರು ಸ್ಟ್ಯಾಂಡಿಗೆ ಫೋನು ಹಚ್ಚಿ ರಿಸೀವರ್ ನನ್ನ ಕೈಗೆ ಕೊಟ್ಟರು. ಆ ಕಡೆಯವರಿಗೆ ಗುರುತು ಹೇಳಿದೆ, ಇನ್ನೊಮ್ಮೆ ಹೆಸರೂ ಹೇಳಿದೆ.

"ಒಬ್ಬ ಅಜ್ಜಾರು ಕುಂತಾರ್ರಿ. ಆದ್ರ ನಿಮ್ಮೋರಲ್ಲ. ಆ ಹೆಸರು ಕರದ್ರ ತಿರುಗಿ ಸುದ್ದಾ ನೋಡಂಗಿಲ್ಲ. ಕೇಳಿದ್ರ ಬ್ಯಾರೇನೋ ಹೇಳ್ತಾರ. ತೆಲುಗಿನೋರು ಇರಬೇಕು. ಫೋನು ಇಡ್ಲ್ಯಾ?"

ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ಅವರಲ್ಲವಂತೆ ಅತ್ತಿ. ಯಾರೋ ತೆಲುಗಿನವರಂತೆ" ಎಂದೆ. ಹೇಳುತ್ತಿದ್ದಂತೆಯೇ ಅತ್ತೆಯ ತೆಲುಗು ಪದಗಳು ನೆನಪಾದವು. "ಇಡಬ್ಯಾಡ್ರಿ!" ಎಂದು ಫೋನಿಗೆ ಕೂಗಿದೆ. "ಏನಂತ ಹೆಸರು ಹೇಳ್ತಾರ?"

"ರಾಯಿ ಅಂತಾರ. ಬರೀ ರಾಯಿ."

ಆ ಪದವನ್ನು ನಾನು ಗಟ್ಟಿಯಾಗಿಯೇ ಹೇಳಿಬಿಟ್ಟೆ. ಅತ್ತೆ ರಿಸೀವರನ್ನು ಕಸಿದುಕೊಂಡರು. ಅವರ ಮುಖ ಕೆಂಪಾಗಿತ್ತು, ಈ ವಯಸ್ಸಿನಲ್ಲಿ, ಅಷ್ಟು ಜನರ ಎದುರು. "ಅವ್ರೇ. ಅವ್ರ ಕೈಯಾಗ ಕೊಡ್ರಿ" ಎಂದರು. ಆ ಕಡೆ ಫೋನು ಕೈ ಬದಲಾದ ಮೇಲೆ, ನಾನೆಂದೂ ಕೇಳದ ಒಂದು ಮೆತ್ತಗಿನ ದನಿಯಲ್ಲಿ, "ರಾಯಿ, ಅಲ್ಲೇ ಕುಂದ್ರಿ. ಎಲ್ಲೂ ಹೋಗಬ್ಯಾಡ್ರಿ. ಮಗ ಬರ್ತಾನ" ಎಂದರು. ರಿಸೀವರ್ ಕೆಳಗಿಟ್ಟ ಮೇಲೆ ಅಲ್ಲಿಯೇ ನೆಲದ ಮೇಲೆ ಕುಳಿತು ಅತ್ತರು. ನಾನೂ ಅತ್ತುಬಿಟ್ಟೆ, ನಾಚಿಕೆಯೇನು ಬಂತು.

ಕಾಟಾಕ್ಕೆ ಸುದ್ದಿ ಮುಟ್ಟಿ, ನನ್ನ ಗಂಡ ಯಾರದೋ ಜೀಪಿನಲ್ಲಿ ಅಪ್ಪನನ್ನು ಕರೆತಂದರು. ಮಾವ ಮೈತುಂಬ ಕೆಂಪು ಧೂಳು ಹೊತ್ತು ಒಳಗೆ ಬಂದು, ಸಂತೆಯಲ್ಲಿ ಜನವೇ ಇರಲಿಲ್ಲ ಎಂದು ದೂರಿದರು.

ಅಂದಿನಿಂದ ಅವರು ತಮ್ಮ ಹೆಸರಿಗೆ ಓಗೊಡಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಹೆಸರು ಕೂಗಿದರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಸುತ್ತ ನೋಡುವರು. ಮಗ ಬಗ್ಗಿ "ರಾಯಿ, ಏಳ್ರಿ" ಎಂದರೆ ತಟ್ಟನೆ ಏಳುವರು. ಕ್ರಮೇಣ ನಾವೆಲ್ಲ ಹಾಗೆಯೇ ಕರೆಯತೊಡಗಿದೆವು. ನರ್ಸ್, ಚಹಾದವನು, ಪಕ್ಕದ ಮನೆಯ ಮಕ್ಕಳು ಸಹ. ಆದರೆ ಅತ್ತೆಯ ಬಾಯಿಂದ ಆ ಪದ ಮತ್ತೆ ಬರಲಿಲ್ಲ. ನಾಲ್ಕು ಜನರ ಮುಂದೆ ಹೇಳಿಬಿಟ್ಟೆನೆಂದು ನಾಚಿಕೆಯಿರಬೇಕು ಎಂದು ನಾನು ತಿಳಿದಿದ್ದೆ.

ಒಂದು ಮುಂಜಾನೆ ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. ನಮ್ಮ ಕಂಪ್ಲಿಯ ಅಕ್ಕಿಯೇ. ಮಾವ ಪಕ್ಕದ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದರು. ಅತ್ತೆ ಏನನ್ನೋ ಬೆರಳಲ್ಲಿ ಹಿಡಿದು, ಹೇಳಲು ಬಾಯಿ ತೆರೆದು, ತಡೆದರು. ಮಾವನ ಕಡೆ ಒಮ್ಮೆ ನೋಡಿದರು.

"ಯವ್ವಾ, ನಿಮ್ಮೂರ ಅಕ್ಕ್ಯಾಗ ಭಾಳ ಕಲ್ಲದಾವ ನೋಡು" ಎಂದರು.

ನಾನು ಇದ್ದಲ್ಲಿಯೇ ನಿಂತೆ. ಮದುವೆಯಾದಾಗಿನಿಂದ ಕಟ್ಟಿಟ್ಟಿದ್ದ ಪದ ಅದು. ಈಗ ಅದನ್ನು ಹೇಳಿದರೆ ಯಾರ ಆಯುಷ್ಯವೂ ಕಡಿಮೆಯಾಗುವಂತಿರಲಿಲ್ಲ, ಅದು ಯಾರ ಹೆಸರೂ ಆಗಿ ಉಳಿದಿರಲಿಲ್ಲ. ಈಗ ಹೇಳಬಾರದ ಹೆಸರು ರಾಯಿ. ಅತ್ತೆ ಇನ್ನೂ ಮಾವನನ್ನೇ ನೋಡುತ್ತಿದ್ದರು. "ಕಲ್ಲು" ಎಂದು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದರು.

ಮಾವ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತೇ ಇದ್ದರು. ತಿರುಗಿ ನೋಡಲಿಲ್ಲ.