ನಾಯಿಗೆ ಕಟ್ಟಿದ ಬೇವು

ನಿಮ್ಮಪ್ಪ ಇನ್ನೂ ಶಾಲೆಗೆ ಸೇರಿರಲಿಲ್ಲ, ಮೈತುಂಬ ಅಮ್ಮ ಎದ್ದಿತು. ಆಸ್ಪತ್ರೆಯವರು ಅದನ್ನು ದಡಾರ ಎನ್ನುತ್ತಾರೆ. ಆಗ ನಾವು ಬಾಗಲಗುಂಟೆಯಲ್ಲಿ ಬಾಡಿಗೆಗಿದ್ದೆವು. ನಿಮ್ಮ ತಾತನಿಗೆ ಪೀಣ್ಯದಲ್ಲಿ ಕೆಲಸ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಗ್ಗರಣೆ ನಿಲ್ಲಿಸಿ, ಮಗುವಿನ ಪಕ್ಕದಲ್ಲೇ ಕೂತಿದ್ದೆ. ಅಮ್ಮ ಇರುವಷ್ಟು ದಿನ ಯಾವ ಜೀವವನ್ನೂ ಗದರಬಾರದು, ಅಟ್ಟಬಾರದು ಎಂದು ನನ್ನ ತಾಯಿ ಹೇಳಿಕೊಟ್ಟಿದ್ದರು.

ಅದೇ ಸಮಯಕ್ಕೆ ಮನೆ ಓನರಮ್ಮನ ನಾಯಿಯೂ ಮಲಗಿತು. ಕಣ್ಣು ಮೂಗು ಸೋರುತ್ತಿದ್ದವು, ಕಾಲು ತಾನಾಗಿ ಅದುರುತ್ತಿತ್ತು. ನಿಮ್ಮಪ್ಪ ತನ್ನ ರೊಟ್ಟಿಯಲ್ಲಿ ಪಾಲು ಕೊಡುತ್ತಿದ್ದ ನಾಯಿ ಅದು.

ತಾತ ಪೇಪರ್ ಓದುತ್ತ ಕರೆದರು. "ಇಲ್ಕೇಳೇ. ಯಾವ್ದೋ ದೇಶದ ಕಡಲಲ್ಲಿ ಸೀಲ್ ಅನ್ನೋ ಪ್ರಾಣಿಗಳು ರಾಶಿ ರಾಶಿ ಸಾಯ್ತಿವೆಯಂತೆ. ನಾಯಿಗೆ ಬರೋ ಕಾಯ್ಲೆ ಥರದ್ದೇ ವೈರಸ್ಸಂತೆ. ನಮ್ಮ ದಡಾರಾನೂ ಅದರ ಬಳಗದ್ದೇ ಅಂತೆ."

ಚಿತ್ರದಲ್ಲಿ ದಡಕ್ಕೆ ಬಿದ್ದಿದ್ದ ಪ್ರಾಣಿಯ ಕಣ್ಣು ಥೇಟ್ ನಮ್ಮ ನಾಯಿಯದೇ.

"ಹಂಗಾದ್ರೆ ನಾಯಿಗೂ ಅಮ್ಮಾನೇ ಬಂದಿರೋದಾ?" ಎಂದೆ.

"ಅಮ್ಮ ಗಿಮ್ಮ ಗೊತ್ತಿಲ್ಲ. ಮಗು ಹತ್ರ ಅದನ್ನ ಬಿಡ್ಬೇಡ."

ನನಗೆ ದಿಕ್ಕು ತೋಚಲಿಲ್ಲ. ನಾಯಿ ಅಲ್ಲೇ ಇದ್ದರೆ ಮಗುವಿಗೆ ಇನ್ನೂ ಜೋರಾಗಬಹುದು. ಅಟ್ಟಿದರೆ ಅಮ್ಮನನ್ನೇ ಅಟ್ಟಿದ ಹಾಗೆ. ಆ ದೇವಿಯ ಸಿಟ್ಟು ಮಗುವಿನ ಮೇಲೆಯೇ ತಿರುಗಿದರೆ?

ಅಷ್ಟರಲ್ಲಿ ಓನರಮ್ಮ ಅಂಗಳದಿಂದಲೇ ಕೂಗಿ ಹೇಳಿದರು. "ಈ ನಾಯೀನ ಕೆರೆ ಅತ್ರ ಬಿಡುಸ್ತೀನಿ ಕಣವ್ವ. ನಿನ್ ಮಗೀಗೆ ಒಳ್ಳೇದು."

ಬಾಡಿಗೆ ಕೊಡುವಾಗಲೂ ತಲೆ ಎತ್ತದ ನಾನು ಹೊಸಿಲಿಗೆ ಬಂದು, "ಬ್ಯಾಡ ಅಕ್ಕ, ಇಲ್ಲೇ ಇರ್ಲಿ" ಎಂದೆ.

"ಆಹಾ. ನಿಂಗೆ ಬಾಯೈತೆ ಅಂತ ಇವತ್ತು ಗೊತ್ತಾಯ್ತು. ಅದೂ ನಾಯಿಗೋಸ್ಕರ."

ಆದರೂ ಅದನ್ನು ಅಲ್ಲೇ ಇರಲು ಬಿಟ್ಟರು. ನಾಯಿಯನ್ನು ಹೊಂಗೆ ಮರದ ಕೆಳಗೆ, ಮಗುವಿನಿಂದ ದೂರಕ್ಕೆ ಸಾಗಿಸಿ, ಕೊರಳಿಗೆ ಬೇವು ಕಟ್ಟಿದೆ. ಗಂಜಿ ಇಟ್ಟು ಬಂದು, ಕೈ ತೊಳೆದುಕೊಂಡೇ ಮಗುವನ್ನು ಮುಟ್ಟುತ್ತಿದ್ದೆ. ಅಮ್ಮ, ವೈರಸ್ಸು ಎರಡನ್ನೂ ನಂಬಿದ್ದೆ, ಯಾವುದನ್ನೂ ಪೂರ್ತಿ ನಂಬಿರಲಿಲ್ಲ.

ನಿಮ್ಮಪ್ಪನ ಮೈಮೇಲಿನ ಕೆಂಪು ಇಳಿಯಿತು. ನಾಯಿ ಬದುಕಲಿಲ್ಲ. ಮಗುವಿಗೆ ಬೇವಿನ ನೀರು ಹಾಕಿದ ದಿನ, ಉಳಿದ ನೀರನ್ನು ಹೊಂಗೆ ಮರದ ಬುಡಕ್ಕೆ ಸುರಿದೆ. ಕಡಲಿನ ಆ ಪ್ರಾಣಿಗಳಿಗೆ ಯಾರು ತಂಪು ಮಾಡಿದರೋ ಎಂದು ಅನ್ನಿಸಿತು.

ಮಗು ಉಳಿದದ್ದು ನಾಯಿಯನ್ನು ದೂರ ಇಟ್ಟದ್ದಕ್ಕೋ, ಅಟ್ಟದೆ ಇದ್ದದ್ದಕ್ಕೋ, ಇಂದಿಗೂ ತಿಳಿಯದು. ಅದಕ್ಕೇ ನಿಮಗೆಲ್ಲ ದಡಾರದ ಸೂಜಿ ಹಾಕಿಸಲು ಎತ್ತಿಕೊಂಡು ಹೋದವಳು ನಾನೇ. ಮನೆಗೆ ಬಂದು ಬಾಗಿಲಿಗೆ ಬೇವು ಸಿಕ್ಕಿಸಿದವಳೂ ನಾನೇ.