ಡಬ್ಬ ಕಂಡರೆ ತೆರೆಯುವ ಬಾಗಿಲು

ಬಡಾವಣೆಯವರ ಬಾಯಲ್ಲಿ ಅವಳು ಸರ್ವೆ ಅಕ್ಕ. ಸೋಪು, ಟೂತ್‌ಪೇಸ್ಟು, ಟೀವಿ ಧಾರಾವಾಹಿ, ಏನನ್ನು ಕೇಳಿಕೊಂಡು ಬಾ ಎಂದರೂ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆ ಅಲೆದು ಅವಳ ಹಿಮ್ಮಡಿ ಒಡೆದುಹೋಗಿತ್ತು. ಜನಾಭಿಪ್ರಾಯ ಎಂದು ದೊಡ್ಡವರು ಸಭೆಗಳಲ್ಲಿ ಹೇಳಿಕೊಳ್ಳುತ್ತಾರಲ್ಲ, ಅದನ್ನು ಹೊತ್ತು ತರುವುದು ಇಂಥವರ ಕಾಲು.

ಈ ಸಲದ ಸರ್ವೆ ಮಾತ್ರ ಮನೆಯದೇ ಎನ್ನಬೇಕು. ಅವಳ ಗಂಡ ಮುಖ್ಯರಸ್ತೆಯ ಚಪ್ಪಲಿ ಅಂಗಡಿಯಲ್ಲಿದ್ದ. ಗಿರಾಕಿಯ ಮುಂದೆ ಮಂಡಿಯೂರಿ, ಅಳತೆ ನೋಡಿ ತೊಡಿಸುವುದೇ ಅವನ ಕಸುಬು. ಅಂಗಡಿ ಇಟ್ಟುಕೊಳ್ಳುವುದೋ, ಬಾಗಿಲು ಹಾಕಿ ಎಲ್ಲವನ್ನೂ ಆನ್‌ಲೈನಿನಲ್ಲೇ ಮಾರುವುದೋ ಎಂದು ಸಾಹುಕಾರರು ತಲೆ ಕೆಡಿಸಿಕೊಂಡಿದ್ದರು. ಊರವರು ಈಗ ಎಲ್ಲಿ ಕೊಳ್ಳುತ್ತಾರೆಂದು ತಿಳಿಯಲು ಒಂದು ಕಂಪನಿಗೆ ವಹಿಸಿದರು. ಕಂಪನಿ ಕಳಿಸಿದ್ದು ಇವಳನ್ನೇ. ಗಂಡನ ಅನ್ನ ಈ ಉತ್ತರಗಳಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಒಂದನ್ನೂ ತಿದ್ದಬಾರದೆಂದು ನಿಶ್ಚಯಿಸಿದ್ದಳು.

"ಇದ್ದದ್ದು ಇದ್ದ ಹಾಗೆ ಬರಿ," ಎಂದು ಅವನೂ ಹೇಳಿದ್ದ. "ಕಾಲಿಗೆ ಹಾಕಿ ನೋಡ್ದೆ ಯಾರಾದ್ರೂ ಚಪ್ಪಲಿ ತಗೋತಾರಾ? ನಂಗೇನೂ ಭಯ ಇಲ್ಲ."

ಆದರೆ ಬರೆಯಬೇಕಾದರೆ ಬಾಗಿಲು ತೆರೆಯಬೇಕಲ್ಲ. ಸರ್ವೆ ಎಂದರೆ ಸಾಕು, ಒಳಗೆ ಟೀವಿಯ ಬಾಯಿ ಕೂಡ ಮುಚ್ಚುತ್ತಿತ್ತು. ಲಿಫ್ಟ್ ಕೆಟ್ಟ ಕಟ್ಟಡಗಳಲ್ಲಿ ಮೇಲಿನ ಮಹಡಿಯವರೆಗೆ ಹತ್ತಿ, ಬರಿಗೈಯಲ್ಲಿ ಇಳಿಯುವಾಗ ಅವಳಿಗೆ ಅಳುವೇ ಬರುತ್ತಿತ್ತು. ಒಂದು ಮಧ್ಯಾಹ್ನ ಮೆಟ್ಟಿಲ ಕೆಳಗೆ ಯಾರೋ ಎಸೆದಿದ್ದ ರಟ್ಟಿನ ಡಬ್ಬ ಕಂಡಿತು. ಕಾಗದಗಳು ಮುದುಡದಿರಲಿ ಎಂದು ಅದರಲ್ಲಿಟ್ಟು, ಕಂಕುಳಲ್ಲಿ ಹಿಡಿದು ಬೆಲ್ ಒತ್ತಿದಳು. ಬಾಗಿಲಿನ ಗಾಜಿನ ಕಿಂಡಿಯಲ್ಲಿ ಇಣುಕಿದವರು ತಟ್ಟನೆ ಬಾಗಿಲು ತೆರೆದು ಕೈಯನ್ನೂ ಚಾಚಿದರು.

ಅಂದಿನಿಂದ ಅವಳು ಆ ಡಬ್ಬವನ್ನು ಬಿಡಲಿಲ್ಲ. ಪಾರ್ಸಲ್ ಅಲ್ಲವೆಂದು ತಿಳಿದು ಮುಖ ಸಣ್ಣದಾದರೂ, ತೆರೆದ ಬಾಗಿಲನ್ನು ಮತ್ತೆ ಮುಖಕ್ಕೆ ಹಾಕುವಷ್ಟು ಕಟುಕರು ಕಡಿಮೆ. ಎಷ್ಟೋ ಮನೆಗಳಿಂದ ಮಾತ್ರ, "ನಾವೇನೂ ತರಿಸಿಲ್ಲ, ಪಕ್ಕದ ಮನೆ ನೋಡಿ," ಎಂಬ ದನಿಯಷ್ಟೇ ಬರುತ್ತಿತ್ತು. ಅವಳು ಪಕ್ಕದ ಮನೆ ನೋಡುತ್ತಿದ್ದಳು. ಯಾವ ಬಾಗಿಲು ಯಾಕೆ ತೆರೆಯಿತೆಂದು ಯೋಚಿಸುವ ತ್ರಾಣ ಉಳಿದಿರಲಿಲ್ಲ. ಸರ್ವೆ ಗಡುವಿಗೆ ಮುಂಚೆಯೇ ಮುಗಿಯಿತು, ಕಂಪನಿಯವರು ಭೇಷ್ ಎಂದರು.

ವರದಿ ಸಾಹುಕಾರರ ಕೈಸೇರಿದ ಮೇಲೆ ಒಂದು ಸಂಜೆ ಅವಳ ಮನೆಯ ಬೆಲ್ ಆಯಿತು. ಕಿಂಡಿಯಲ್ಲಿ ನೋಡಿದರೆ ಮಬ್ಬುಗತ್ತಲಲ್ಲಿ ಯಾರೋ ಡಬ್ಬ ಹಿಡಿದು ನಿಂತಿದ್ದರು. "ನಾವೇನೂ ತರಿಸಿಲ್ಲ, ಪಕ್ಕದ ಮನೆ ನೋಡಿ," ಎಂದಳು ಒಳಗಿನಿಂದಲೇ.

"ನಾನು ಕಣೇ."

ಗಂಡ ಒಳಗೆ ಬಂದು ಡಬ್ಬವನ್ನು ಕೆಳಗಿಟ್ಟ. "ಅಂಗಡಿ ಮುಚ್ತಾರಂತೆ. ಊರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಮನೆಗೇ ತರಿಸ್ಕೋತಾರಂತೆ, ಸಾಹುಕಾರ್ರು ಓದಿ ಹೇಳಿದ್ರು. ನಾನೇ ದಡ್ಡ." ಡಬ್ಬದಲ್ಲಿದ್ದದ್ದು ಅವಳ ಹಿಮ್ಮಡಿಗೆಂದೇ ಆರಿಸಿ ತಂದ ಮೆತ್ತನೆಯ ಚಪ್ಪಲಿ. ಅವನು ನೆಲದ ಮೇಲೆ ಕೂತ. "ಕಾಲು ಕೊಡು. ಊರವರ ಕಾಲೆಲ್ಲ ಹಿಡಿದಾಯ್ತು, ನಿಂದು ಹಿಡಿಯೋಕೇನು ನಾಚಿಕೆ."

ಅವಳ ಕಣ್ಣು ಆ ಡಬ್ಬದ ಮೇಲೇ ನಿಂತಿತು. ಈಗಷ್ಟೇ ತಾನು ಅಂದ ಮಾತನ್ನು ಎಷ್ಟು ಬಾಗಿಲುಗಳ ಹಿಂದಿನಿಂದ ಕೇಳಿದ್ದಳು. ಅವರಲ್ಲಿ ಒಬ್ಬರೂ ಆ ವರದಿಯಲ್ಲಿರಲಿಲ್ಲ. ಪಾರ್ಸಲ್‌ಗೆ ಕಾದು ಕೂತವರನ್ನೇ ಹುಡುಕಿ, ಪಾರ್ಸಲ್ ತರಿಸುತ್ತೀರಾ ಎಂದು ಕೇಳಿ ಬಂದಿದ್ದಳು.

"ರೀ, ನಾನು ಡಬ್ಬ ಹಿಡ್ಕೊಂಡು ಹೋಗ್ತಿದ್ದೆ," ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು.

ಅವನು ಚಪ್ಪಲಿಯ ಪಟ್ಟಿ ಬಿಗಿಯುತ್ತ ಕೇಳಿಸಿಕೊಂಡ. "ತರಿಸಿಲ್ಲ ಅಂದೋರು ಎಷ್ಟು ಮನೆಯವರು?"

"ಎಣಿಸ್ಲಿಲ್ಲ. ಬಾಗಿಲು ತೆಗೀದೇ ಇದ್ದೋರು ಲೆಕ್ಕಕ್ಕಿಲ್ಲ ಅಂತ ಕಂಪನಿಯವ್ರು ಅಂದಿದ್ರು." ಆಮೇಲೆ ಕೇಳಿದಳು, "ಸಾಹುಕಾರ್ರಿಗೆ ಹೇಳೋಣ್ವಾ?"

"ಅಂಗಡಿ ಜಾಗ ಬೇರೆಯವ್ರಿಗೆ ಕೊಟ್ಟಾಯ್ತು."

ಅವನು ಒಡೆದ ಹಿಮ್ಮಡಿಯನ್ನು ಬೆರಳಿನಿಂದ ಸವರಿದ. ಆಮೇಲೆ ಅಂಗಡಿಯ ದನಿಯಲ್ಲೇ, "ಬಿಗಿ ಆಗ್ತಿದ್ಯಾ?" ಎಂದು ಕೇಳಿ, "ಇನ್ನೊಂದು ಕಾಲು ಕೊಡು," ಎಂದ.